ಕಲಿನಾ ವೆಲ್ಕೋವಾಳ ಸಾವಿನ ಚೀಟಿ

ಕಲಿನಾ ವೆಲ್ಕೋವಾ ಸತ್ತಾಗ ನಮ್ಮ ಗೊರ್ನಿ ಬ್ರೆಸ್ತ್ ಊರು ಅತ್ತಷ್ಟು, ನನಗೆ ತಿಳಿದ ಮಟ್ಟಿಗೆ, ಇನ್ಯಾರಿಗೂ ಅತ್ತಿದ್ದಿಲ್ಲ. ಮೇಯರ್ ಅತ್ತರು. ಅಂಚೆಯವಳು ಅತ್ತಳು. ಈಸ್ಟರ್ ಹಬ್ಬಕ್ಕೆ ಒಂದೇ ಬೆಳಿಗ್ಗೆ ಅರವತ್ತು ಕುರಿಮರಿ ಕೊಯ್ದು ಸಿಳ್ಳೆ ಹಾಕುತ್ತ ಮನೆಗೆ ಹೋಗುವ ಕಟುಕ ಅತ್ತ. ಎಲ್ಲ ಸರಿಯೇ, ಒಂದೇ ಒಂದು ಸಣ್ಣ ತೊಡಕು: ಕಲಿನಾ ವೆಲ್ಕೋವಾ ಹುಟ್ಟಿಯೇ ಇರಲಿಲ್ಲ. ಅವಳು ಫಿನ್‌ಲ್ಯಾಂಡಿನಿಂದ ಮೂರು ಪೆಟ್ಟಿಗೆಗಳಲ್ಲಿ ಬಂದಿದ್ದಳು. ಕಾಲುಗಳಿಗೆ ಬೇರೆ ಪೆಟ್ಟಿಗೆ.

ಮೊದಲಿನಿಂದ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಮ್ಮೂರಿನವರಿಗೆ ಆದ ಗೊಂದಲವೇ ನಿಮಗೂ ಆಗುತ್ತದೆ.

ಬಲ್ಗೇರಿಯಾದ ವಾಯವ್ಯ ಮೂಲೆಯಲ್ಲಿ ನಮ್ಮದೊಂದು ಸಣ್ಣ ನರ್ಸಿಂಗ್ ಮತ್ತು ಸೂಲಗಿತ್ತಿ ಶಾಲೆ. ಸೂಲಗಿತ್ತಿ ವಿಭಾಗದಲ್ಲಿ ಏಳೇ ಹುಡುಗಿಯರು. ಅವರಿಗೆ ಹೆರಿಗೆ ಮಾಡಿಸಲು ಊರಿನಲ್ಲಿ ಹೆರಿಗೆ ಕೋಣೆಯೇ ಇಲ್ಲ. ನಾಲ್ಕು ಚಳಿಗಾಲದ ಹಿಂದೆ ಮುಚ್ಚಿದರು. ಈಗ ನೋವು ಬಂದವಳು ಐವತ್ನಾಲ್ಕು ಕಿಲೋಮೀಟರ್ ದೂರದ ಜಿಲ್ಲಾಸ್ಪತ್ರೆಗೆ ಹೋಗಬೇಕು. ಅದಕ್ಕೇ ಬಂದದ್ದು ಹೊಸ ಪದ್ಧತಿ: ಅರ್ಧ ಪಾಠ ಪರದೆಯ ಮೇಲೆ, ಅರ್ಧ ಪಾಠ ಗೊಂಬೆಯ ಮೇಲೆ. ಈ ಗೊಂಬೆ ಉಸಿರಾಡುತ್ತದೆ, ನರಳುತ್ತದೆ, ಹೆರುತ್ತದೆ, ಹೊಟ್ಟೆಯೊಳಗಿನ ಚೀಲದಿಂದ ಕೆಂಪು ನೀರು ಸುರಿಸುತ್ತದೆ. ಇದನ್ನು ಕಲಿಸಲು ಪ್ರತಿ ಶಾಲೆಯಲ್ಲಿ ಇಬ್ಬರು ಶಿಕ್ಷಕರು ತರಬೇತಿ ಮುಗಿಸಿ ಪ್ರಮಾಣಪತ್ರ ಪಡೆಯಬೇಕು. ಇಲ್ಲದಿದ್ದರೆ ವಿಭಾಗ ಬಂದ್, ಏಳೂ ಹುಡುಗಿಯರು ಮನೆಗೆ.

ಒಬ್ಬರು ಪ್ರಾಂಶುಪಾಲೆ ಎವ್ದೋಕಿಯಾ ಮೇಡಂ. ಅವರು ಮೊದಲ ಸಲಕ್ಕೇ ಪಾಸು. ನಾನು, ಯಾನಿತ್ಸಾ, ಕೆಲಸಕ್ಕೆ ಸೇರಿ ಒಂದೇ ವರ್ಷ, ನನ್ನ ಪಾಲಿಗೆ ಬಂದದ್ದು ಕ್ಯಾಮೆರಾ ಹಿಡಿಯುವುದು ಮತ್ತು ವೈರು ಸುತ್ತುವುದು. ಉಳಿದದ್ದು ಹರಲಾಂಪಿ ತ್ಸೋನ್ಕೊವ್. ಊರಿಗೆಲ್ಲ ಲಾಂಪಣ್ಣ.

ಲಾಂಪಣ್ಣ ಇಪ್ಪತ್ತೆರಡು ವರ್ಷ ಆಂಬುಲೆನ್ಸಿನಲ್ಲಿ ವೈದ್ಯ ಸಹಾಯಕನಾಗಿದ್ದವನು. ನಾಲ್ಕು ವರ್ಷದ ಹಿಂದೆ ಒಂದು ದಿನ ಗಾಡಿಯ ಕೀಲಿ ಮೇಜಿನ ಮೇಲಿಟ್ಟು ಶಾಲೆಗೆ ಬಂದು ಪಾಠ ಮಾಡಲು ನಿಂತ. ಯಾಕೆ ಎಂದು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಅವನಲ್ಲಿ ಒಂದೇ ದೋಷ, ಬರೆದದ್ದನ್ನು ಬರೆದ ಹಾಗೇ ಮಾಡುತ್ತಾನೆ. ತರಬೇತಿಯ ಮೊದಲ ವಾರ ‘ತರಗತಿ ಮುಗಿಯುವವರೆಗೆ ಯಾರೂ ಕ್ಯಾಮೆರಾ ಆರಿಸಬಾರದು’ ಎಂಬ ಸೂಚನೆ ಬಂತು. ತರಗತಿ ಸಂಜೆಯವರೆಗೆ ಇತ್ತು. ಲಾಂಪಣ್ಣ ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡೇ ಊಟ ಮಾಡಿದ, ಬಸ್ ನಿಲ್ದಾಣಕ್ಕೆ ಹೋಗಿ ಅತ್ತಿಗೆಯನ್ನು ಕಳಿಸಿಕೊಟ್ಟ, ಕೊನೆಗೆ ಕ್ಷೌರಿಕನ ಕುರ್ಚಿಯಲ್ಲೂ ಕೂತ. ದೇಶದ ಒಂಬತ್ತು ಶಾಲೆಗಳ ಶಿಕ್ಷಕಿಯರು ಅವನ ಗಡ್ಡ ಹೆರೆಯುವುದನ್ನು ಆರಂಭದಿಂದ ಅಂತ್ಯದವರೆಗೆ ನೋಡಿದರು.

ತರಬೇತಿ ಕೊಡುತ್ತಿದ್ದವರು ಫಿನ್‌ಲ್ಯಾಂಡಿನ ಕಿರ್ಸಿ. ಹತ್ತು ವರ್ಷ ನಮ್ಮ ರಾಜಧಾನಿ ಸೋಫಿಯಾದಲ್ಲಿದ್ದವರು, ನಮ್ಮ ಮಾತು ಚೆನ್ನಾಗಿ ಬರುತ್ತದೆ. ಆದರೆ ನಮ್ಮೂರಿನ ನೆಟ್‌ಗೆ ಬರುವುದಿಲ್ಲ. ಅವರು ಹೇಳಿದ್ದು ನಮಗೆ ಒಂಬತ್ತು ಸೆಕೆಂಡು ತಡವಾಗಿ ತಲುಪುತ್ತಿತ್ತು. ನಾವು ಸೀನಿ, ಮೂಗು ಒರೆಸಿಕೊಂಡು, ಬೇರೆ ಮಾತಿಗೆ ಹೋದಮೇಲೆ ‘ದೇವರು ಆರೋಗ್ಯ ಕೊಡಲಿ’ ಎಂದು ಪರದೆ ಹರಸುತ್ತಿತ್ತು.

ಫೆಬ್ರವರಿಯಲ್ಲಿ ಕಿರ್ಸಿ ಒಂದು ಕೆಲಸ ಕೊಟ್ಟರು. ಗೊಂಬೆಗೆ ಒಂದು ಪ್ರಕರಣ ಬರೆಯಬೇಕು. “ರೋಗಿಗೆ ಹೆಸರು ಬೇಕು, ಬೀದಿ ಬೇಕು, ಬದುಕು ಬೇಕು. ನಿಮ್ಮ ಊರಿನಲ್ಲಿ ನಿಜವಾಗಿ ನಡೆಯಬಹುದಾದದ್ದನ್ನೇ ಬರೆಯಿರಿ.”

ಎಲ್ಲರೂ ಒಂದು ವಾರ ತೆಗೆದುಕೊಂಡರು. ಲಾಂಪಣ್ಣ ಒಂದು ಗಂಟೆಯಲ್ಲಿ ಬರೆದುಕೊಟ್ಟ. ಕಲಿನಾ ವೆಲ್ಕೋವಾ, ಇಪ್ಪತ್ತಾರು ವರ್ಷ, ಲೀಪಾ ಬೀದಿ ಹದಿನಾಲ್ಕು. ಮೂರನೇ ಹೆರಿಗೆ. ಹಿಮ. ಜಿಲ್ಲಾಸ್ಪತ್ರೆಗೆ ಸಾಗಿಸುವಾಗ ಗಾಡಿಯಲ್ಲೇ ಹೆರಿಗೆ. ಮಗು ಚೆನ್ನಾಗಿದೆ. ರಕ್ತ ನಿಲ್ಲುತ್ತಿಲ್ಲ. ಕಪ್ಪು ಬಂಡೆಯ ತಿರುವಿನಲ್ಲಿ ಫೋನು ಸಿಗುವುದಿಲ್ಲ.

ಎವ್ದೋಕಿಯಾ ಮೇಡಂ ಕನ್ನಡಕ ಏರಿಸಿದರು. “ಇಷ್ಟೊಂದು ವಿವರ ಎಲ್ಲಿಂದ ಹುಡುಕಿದ್ರಿ ಲಾಂಪಿ?”

“ವಿವರ ಬೇಕು ಅಂತ ಬರೆದಿದ್ರಲ್ಲ ಮೇಡಂ.”

ಪ್ರಯೋಗದ ದಿನ ಐದು ಹುಡುಗಿಯರು ಗೊಂಬೆಯ ಸುತ್ತ, ಇಬ್ಬರು ಮನೆಯಿಂದ ಪರದೆಯಲ್ಲಿ. ಗೊಂಬೆ ನರಳಿತು, ಹೆತ್ತಿತು, ಕೆಂಪು ನೀರು ಸುರಿಯತೊಡಗಿತು. ಕಿರ್ಸಿ ‘ಗರ್ಭಕೋಶ ಒತ್ತಿ’ ಎಂದಾಗ ಹುಡುಗಿಯರು ಆಗಲೇ ರಕ್ತ ನಿಲ್ಲಿಸುವ ಸೂಜಿಗೆ ಕೈ ಹಾಕಿದ್ದರು. ‘ಸೂಜಿ’ ಎಂದಾಗ ಮತ್ತೆ ಒತ್ತುತ್ತಿದ್ದರು. ಇಪ್ಪತ್ತನೇ ನಿಮಿಷಕ್ಕೆ ಎದೆಬಡಿತದ ಯಂತ್ರ ಉದ್ದಕ್ಕೆ ಕೂಗಿ ಸುಮ್ಮನಾಯಿತು. ಕಲಿನಾ ಸತ್ತಿದ್ದಳು. ಅದು ಮೊದಲೇ ಬರೆದಿಟ್ಟದ್ದು, ಕಲಿಯುವುದಕ್ಕೆ.

ಹುಡುಗಿಯರು ಕೈ ತೆಗೆದರು. ಲಾಂಪಣ್ಣ ಅವರನ್ನು ಸರಿಸಿ ತಾನೇ ಒತ್ತತೊಡಗಿದ.

“ಮುಗೀತು ಲಾಂಪಣ್ಣ,” ಅಂದೆ ನಾನು.

“ಸ್ವಲ್ಪ ಇರು.”

ಹನ್ನೊಂದು ನಿಮಿಷ ಒತ್ತಿದ. ಕ್ಯಾಮೆರಾದ ಮೂಲೆಯಲ್ಲಿ ಗಡಿಯಾರ ಓಡುತ್ತಿತ್ತು, ಅದಕ್ಕೇ ನನಗೆ ಲೆಕ್ಕ ಗೊತ್ತು. ಕೊನೆಗೆ ಅವನು ನೆಟ್ಟಗಾಗಿ, ಕೈ ತೊಳೆಯಲು ಹೋಗಿ, ನಲ್ಲಿ ತಿರುಗಿಸಲು ಆಗದೆ ನನ್ನನ್ನು ಕರೆದ. ಪರದೆಯಿಂದ ಕಿರ್ಸಿಯ ದನಿ ಬಂತು: “ಇಂಥ ತಲ್ಲೀನತೆ ನಾನು ಎಲ್ಲೂ ನೋಡಿಲ್ಲ! ಈಗ ಮುಂದಿನ ಭಾಗ. ನಿಮ್ಮ ಊರಿನಲ್ಲಿ ರೋಗಿ ಸತ್ತಮೇಲೆ ಏನೇನು ಮಾಡುತ್ತೀರೋ ಎಲ್ಲ ಮಾಡಿ. ಕುಟುಂಬವನ್ನು, ಊರನ್ನು ಮರೆಯಬೇಡಿ. ಫೋಟೋ ಕಳಿಸಿ.”

ಸತ್ತಮೇಲೆ ನಮ್ಮೂರಿನಲ್ಲಿ ಏನು ಮಾಡುತ್ತಾರೆ? ಚೀಟಿ ಹಚ್ಚುತ್ತಾರೆ. ಮೇಲೆ ಶಿಲುಬೆ, ನಡುವೆ ಫೋಟೋ, ಕೆಳಗೆ ಯಾವ ಮನೆಯ ಯಾರು ಯಾವಾಗ ಹೇಗೆ ಹೋದರು ಅನ್ನುವ ವಿಷಯ. ಕಂಬಕ್ಕೆ, ಬಾಗಿಲಿಗೆ, ಬಸ್ ನಿಲ್ದಾಣಕ್ಕೆ. ನಲವತ್ತನೇ ದಿನಕ್ಕೊಂದು, ವರ್ಷಕ್ಕೊಂದು, ಹತ್ತು ವರ್ಷಕ್ಕೊಂದು. ನಮ್ಮ ಕಂಬಗಳು ನಿಂತಿರುವುದೇ ಈ ಅಂಟಿನ ಬಲದಿಂದ ಅಂತ ವಿದ್ಯುತ್ ಇಲಾಖೆಯವರೇ ಹೇಳುತ್ತಾರೆ.

ಲಾಂಪಣ್ಣ ಗೊಂಬೆಯ ತಲೆಯ ಹೊಲಿಗೆ ಕಾಣದಂತೆ ಮೇಡಂ ಅವರ ಹೂವಿನ ಸ್ಕಾರ್ಫ್ ಕಟ್ಟಿ, ನನ್ನಿಂದ ಫೋಟೋ ತೆಗೆಸಿ, ಸ್ಮಶಾನದ ಗೇಟಿನ ಪಕ್ಕದ ಗೆಂಚೊನ ಮುದ್ರಣದಂಗಡಿಗೆ ಹೋದ. ನಾನೂ ಜೊತೆಗಿದ್ದೆ.

“ಅಯ್ಯೋ, ಯಾರ್ ಲಾಂಪಿ ಹೋದದ್ದು?” ಅಂದ ಗೆಂಚೊ, ಫೋಟೋ ನೋಡಿ ಟೊಪ್ಪಿ ತೆಗೆದು.

“ಕಲಿನಾ ವೆಲ್ಕೋವಾ. ಲೀಪಾ ಬೀದಿ ಹದಿನಾಲ್ಕು. ಇಪ್ಪತ್ತಾರು ವರ್ಷ. ಮೂರನೇ ಹೆರಿಗೆ ಆಗಿ, ದಾರೀಲಿ.”

“ದೇವ್ರೇ! ಎಷ್ಟು ಚೀಟಿ ಮಾಡ್ಲಿ?”

“ಒಂದು ಸಾಕು.”

“ಒಂದಾ? ನಮ್ಮಪ್ಪ ಕುಡಿದು ಕೆರೆಗೆ ಬಿದ್ದಾಗ್ಲೇ ಐವತ್ತು ಹಚ್ಚಿಸಿದ್ದೆ. ಹೆತ್ತ ಹುಡುಗಿಗೆ ಒಂದಾ?”

“ಫೋಟೋ ತೆಗೆದು ಫಿನ್‌ಲ್ಯಾಂಡಿಗೆ ಕಳಿಸ್ಬೇಕು ಅಷ್ಟೇ ಗೆಂಚೊ.”

ಗೆಂಚೊ ನನ್ನ ಕಡೆ ತಿರುಗಿ ಪಿಸುಗುಟ್ಟಿದ: “ಗಂಡ ಅಲ್ಲಿ ಕೆಲ್ಸಕ್ಕೆ ಹೋಗಿದ್ದಾನೇನೋ, ಪಾಪ. ಸುದ್ದಿ ಹೀಗೆ ಮುಟ್ಟೋದಾ?”

ನಾನು ಬಾಯಿ ತೆರೆಯುವ ಹೊತ್ತಿಗೆ ಲಾಂಪಣ್ಣ ಗೋಡೆಯ ಕಡೆ ತಿರುಗಿ ಕಣ್ಣು ಒರೆಸಿಕೊಳ್ಳುತ್ತಿದ್ದ. ಅಳುವವನ ಮುಂದೆ ‘ಅದು ಗೊಂಬೆ’ ಅನ್ನಲು ನನಗೆ ಧೈರ್ಯ ಬರಲಿಲ್ಲ. ಇಡೀ ಅನಾಹುತದಲ್ಲಿ ನನ್ನ ಪಾಲು ಇಷ್ಟೇ, ಆದರೆ ಕಡಿಮೆಯೇನೂ ಅಲ್ಲ.

ನಾವು ಒಂದು ಚೀಟಿ ತಂದು ಶಾಲೆಯ ಬಾಗಿಲಿಗೆ ಹಚ್ಚಿ, ಫೋಟೋ ತೆಗೆದು, ಕಿತ್ತು, ಕಳಿಸಿ ಮನೆಗೆ ಹೋದೆವು. ಗೆಂಚೊ ಒಳ್ಳೆಯ ಮನುಷ್ಯ. ಇನ್ನೂ ನಲವತ್ತನ್ನು ತನ್ನ ಲೆಕ್ಕದಲ್ಲಿ ಮುದ್ರಿಸಿ ಊರೆಲ್ಲ ತಾನೇ ಹಚ್ಚಿದ.

ಮರುದಿನ ಬೆಳಿಗ್ಗೆ ಬೇಕರಿಯ ಮುಂದೆ ಗುಂಪು.

“ನಂಗೊತ್ತು ಇವ್ಳನ್ನ. ನನ್ನ ಹಿಂದೇನೇ ಬ್ರೆಡ್ಡಿಗೆ ನಿಲ್ತಿದ್ಲು. ಒಂದ್ ಮಾತು ಜಾಸ್ತಿ ಆಡ್ತಿರಲಿಲ್ಲ.”

“ಆಡ್ತಿರಲಿಲ್ಲ, ಹೌದು. ಬಾಯಿ ನೋಡು, ಎಷ್ಟು ಗಂಭೀರ.”

“ಮೂಗು ಥೇಟ್ ಅವ್ರ ತಾತಂದು.”

“ಯಾವ ತಾತ?”

“ಅದೇ ವೆಲ್ಕೊ. ಕುಂಟ ವೆಲ್ಕೊ.”

“ಅವ್ನಿಗೆ ಮಕ್ಕಳೇ ಇರಲಿಲ್ವಲ್ಲೇ?”

“ಅದಕ್ಕೇ ಯಾರಿಗೂ ಗೊತ್ತಿಲ್ಲ!”

ಈ ತರ್ಕದ ಮುಂದೆ ಯಾರು ಏನು ಹೇಳಲು ಸಾಧ್ಯ? ಒಂಬತ್ತು ಗಂಟೆಗೆ ಶಾಲೆಯ ಗೇಟಿನಲ್ಲಿ ಹೆಂಗಸರ ಸಾಲು. ಡೈಪರ್, ಹಾಲಿನ ಪುಡಿ, ಕೈಯಲ್ಲಿ ಹೆಣೆದ ಕಾಲುಚೀಲ. ಎಲ್ಲರ ಮುಂದೆ ನಮ್ಮ ಬೀದಿಯ ಪೆನಜ್ಜಿ, ಸತ್ತವರಿಗೆ ಕೊಡುವ ಬೇಯಿಸಿದ ಗೋಧಿಯ ದೊಡ್ಡ ಬಟ್ಟಲು ಹಿಡಿದು. ಮೇಲೆ ಸಕ್ಕರೆಯಲ್ಲಿ ಶಿಲುಬೆ.

“ಮಗು ಎಲ್ಲಿ?” ಅಂದಳು ಪೆನಜ್ಜಿ.

ಎವ್ದೋಕಿಯಾ ಮೇಡಂ ಮುಂದೆ ಬಂದರು. “ನೋಡಿ ಅಜ್ಜಿ, ದಯವಿಟ್ಟು ಕೇಳಿ. ಮಗು ಇಲ್ಲ. ಅವಳು ಗೊಂಬೆ.”

“ಏನಂದೆ? ಸತ್ತವಳನ್ನ ಗೊಂಬೆ ಅಂತೀಯೇನೇ? ಓದ್ಕೊಂಡಿದ್ದೀಯ ಅಂತ ನಾಲಿಗೆಗೆ ಎಲುಬಿಲ್ವಾ? ಲಾಂಪಿ, ನೀನ್ ಹೇಳು. ಶವ ಎಲ್ಲಿಟ್ಟಿದ್ದೀರಿ?”

ಲಾಂಪಣ್ಣ ಸುಳ್ಳು ಹೇಳುವವನಲ್ಲ. “ಉಗ್ರಾಣದ ಬೀರುವಲ್ಲಿ ಅಜ್ಜಿ. ಕಾಲು ಬಿಚ್ಚಿ ಬೇರೆ ಪೆಟ್ಟಿಗೇಲಿ ಇಟ್ಟಿದ್ದೀನಿ. ಒಟ್ಟಿಗೆ ಹಿಡಿಸಲ್ಲ.”

ಪೆನಜ್ಜಿ ಶಿಲುಬೆಯ ಗುರುತು ಮಾಡಿಕೊಂಡು ಹಾಗೇ ಹಿಂದಕ್ಕೆ ವಾಲಿದಳು. ಹಿಂದೆ ಡೈಪರ್ ಕಟ್ಟು ಇದ್ದದ್ದರಿಂದ ಪೆಟ್ಟಾಗಲಿಲ್ಲ. “ದುಃಖಕ್ಕೆ ತಲೆ ಕೆಟ್ಟಿದೆ ಅವ್ನಿಗೆ,” ಅಂತ ಹೆಂಗಸರು ಮಾತಾಡಿಕೊಂಡರು. “ಮೊನ್ನೆ ಲ್ಯಾಪ್‌ಟಾಪ್ ಹಿಡ್ಕೊಂಡು ಕ್ಷೌರಕ್ಕೆ ಹೋಗಿದ್ನಂತೆ.”

ಮೇಡಂ ಬೀರು ತೆರೆದು ತೋರಿಸಿಯೇ ಬಿಡಬೇಕೆಂದು ಕೀಲಿ ತೆಗೆದರು. ಅಷ್ಟರಲ್ಲಿ ಮೇಯರ್ ಕುಬ್ರಾತ್ ಬಂದರು. ಚುನಾವಣೆ ಮೇ ತಿಂಗಳಿಗಿತ್ತು. ಮೇಯರ್ ಮೆಟ್ಟಿಲ ಮೇಲೆ ನಿಂತು, ಟೊಪ್ಪಿ ಎದೆಗೆ ಒತ್ತಿಕೊಂಡು, ಅಳುತ್ತಲೇ ಭಾಷಣ ಮಾಡಿದರು. “ಕಲಿನಾಳ ಮದುವೆ ನೋಂದಣಿ ಮಾಡ್ಸಿದ್ದು ನಾನೇ! ಆ ನಗು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ! ನಮ್ಮ ಹೆರಿಗೆ ಕೋಣೆ ಮುಚ್ಚಿದವರ ಕೈಗೆ ಅವಳ ರಕ್ತ ಅಂಟಿದೆ!”

ಜನ ಕೂಗಿದರು. ಯಾರೋ ರಸ್ತೆಗೆ ಟ್ರ್ಯಾಕ್ಟರ್ ಅಡ್ಡ ನಿಲ್ಲಿಸಿದರು. ಮಧ್ಯಾಹ್ನದ ಹೊತ್ತಿಗೆ ಟ್ರ್ಯಾಕ್ಟರ್ ಹನ್ನೆರಡಾದವು. ಸಂಜೆ ಸೋಫಿಯಾದ ಆರೋಗ್ಯ ಇಲಾಖೆಯ ದೊಡ್ಡ ಕಚೇರಿಯಿಂದ ಮೇಯರ್‌ಗೆ ಫೋನು: ಶುಕ್ರವಾರ ಹನ್ನೊಂದಕ್ಕೆ ಪರದೆಯ ಮೇಲೆ ವಿಚಾರಣೆ, ಸಾವು ನಿಜವಾಗಿದ್ದರೆ ಎರಡು ಹಾಸಿಗೆಯ ಹೆರಿಗೆ ಕೋಣೆ ಮತ್ತೆ ತೆರೆಯುವ ಬಗ್ಗೆ ಯೋಚಿಸುತ್ತಾರೆ.

ಆ ರಾತ್ರಿ ಮೇಡಂ ಮೇಯರ್ ಮನೆಗೇ ಹೋಗಿ ಗೊಂಬೆಯ ರಸೀದಿ ತೋರಿಸಿದರು. ಮೇಯರ್ ಅದನ್ನು ಎರಡು ಸಲ ಓದಿದರು. ಒಂದು ಲೋಟ ರಾಕಿಯಾ ಸಾರಾಯಿ ಕುಡಿದು ಮೂರನೇ ಸಲ ಓದಿದರು. ಮರುದಿನ ಲಾಂಪಣ್ಣನನ್ನು ಉಗ್ರಾಣಕ್ಕೆ ಎಳೆದುಕೊಂಡು ಹೋದರು.

“ಲಾಂಪಿ, ಎರಡು ಹಾಸಿಗೆ ಕಣೋ! ನಾಲ್ಕು ವರ್ಷದಿಂದ ಅರ್ಜಿ ಹಾಕಿ ಹಾಕಿ ನನ್ನ ಬೆರಳು ಸವೆದಿದೆ. ಒಂದು ಗೊಂಬೆ ಎರಡು ದಿನದಲ್ಲಿ ಮಾಡಿಕೊಟ್ಳು. ಶುಕ್ರವಾರದ ತನಕ ಬಾಯಿ ಬಿಡಬೇಡ. ನಿನ್ನ ಕಾಲಿಗೆ ಬೀಳ್ತೀನಿ.”

“ಶುಕ್ರವಾರ ಹನ್ನೊಂದಕ್ಕೆ ನಂಗೆ ಕೊನೇ ಪರೀಕ್ಷೆ ಇದೆ.”

“ಪರೀಕ್ಷೇಲೂ ಬಾಯಿ ಬಿಡಬೇಡ!”

ಬೀರುವಿನ ಬಾಗಿಲು ಅರ್ಧ ತೆರೆದಿತ್ತು. ಕಲಿನಾ ಇಬ್ಬರನ್ನೂ ನೋಡುತ್ತಿದ್ದಳು. ಮೇಯರ್ ಅವಳ ಕಡೆ ನೋಡಿ, ಅಭ್ಯಾಸಬಲದಿಂದ, ಟೊಪ್ಪಿ ತೆಗೆದರು.

ಗುರುವಾರ ಗೇಟಿನ ಸಾಲು ಕರಗುವವರೆಗೆ ಒಬ್ಬ ಹೆಂಗಸು ಪಕ್ಕದಲ್ಲಿ ಕಾಯುತ್ತ ನಿಂತಿದ್ದಳು. ಕೈಯಲ್ಲಿ ಏನೂ ಇರಲಿಲ್ಲ. ಸೇತುವೆಯಾಚೆಯ ಜಿಪ್ಸಿ ಕೇರಿಯವಳು, ಅತಿಜೆ. ನಮ್ಮ ಶಾಲೆಯ ಕಡೆ ಅವಳನ್ನು ನೋಡಿದ್ದು ನನಗೆ ಅದೇ ಮೊದಲು. ಲಾಂಪಣ್ಣ ಹೊರಗೆ ಬಂದವನು ಅವಳನ್ನು ಕಂಡು ಮೆಟ್ಟಿಲ ಮೇಲೇ ನಿಂತ.

“ಚೀಟಿ ಓದಿಸ್ಕೊಂಡೆ,” ಅಂದಳು. “ಇವ್ಳೂ ಮೂರನೇ ಹೆರಿಗೇಲೇ. ಇವ್ಳೂ ದಾರೀಲೇ. ನಿನ್ನ ಗಾಡೀಲೇ ಹೋದ್ಲಾ, ನನ್ನ ಮಗ್ಳು ಸೆವ್ದಾ ಹಾಗೆ?”

ಲಾಂಪಣ್ಣ ಬಾಯಿ ತೆರೆದ. ಶುಕ್ರವಾರದ ತನಕ ಬಿಡಬೇಡ ಎಂದಿದ್ದರಲ್ಲ, ಮುಚ್ಚಿದ.

“ಅವ್ಳ ಅಮ್ಮನ್ನ ನೋಡ್ಬೇಕಿತ್ತು ನಂಗೆ,” ಅಂದಳು ಅತಿಜೆ. “ಅಂಥ ಅಮ್ಮಂಗೆ ಏನ್ ಹೇಳ್ಬೇಕು ಅಂತ ಊರಲ್ಲಿ ನಂಗೊಬ್ಳಿಗೇ ಗೊತ್ತು. ಮನೆ ಎಲ್ಲಿ? ಹದಿನಾಲ್ಕನೇ ನಂಬರ್ ಬೀಗ ಹಾಕಿದೆ.”

“ನಾಳೆ ಸಭಾಭವನಕ್ಕೆ ಬಾ ಅತಿಜೆ,” ಅಂದ ಲಾಂಪಣ್ಣ. ಅಷ್ಟೇ ಅಂದ. ಅವಳು ಹೋದಮೇಲೆ ಗೇಟಿನ ಬಳಿಯ ಹಿಮವನ್ನು ಗುಡಿಸಲು ಶುರುಮಾಡಿದ. ಹಿಮ ಬೆಳಿಗ್ಗೆಯೇ ಗುಡಿಸಿ ಆಗಿತ್ತು.

ಶುಕ್ರವಾರ ಊರೆಲ್ಲ ಸಭಾಭವನದಲ್ಲಿ. ಪುರಸಭೆಯಲ್ಲಿ ದೊಡ್ಡ ಪರದೆ ಇಲ್ಲದ್ದರಿಂದ ಮೇಯರ್ ನಮ್ಮ ಶಾಲೆಯ ಪರದೆಯನ್ನೂ, ನಮ್ಮ ಲಿಂಕನ್ನೂ, ಅದರ ಜೊತೆ ನನ್ನನ್ನೂ ತರಿಸಿಕೊಂಡಿದ್ದರು. ನಮಗೆ ಇದ್ದದ್ದು ಒಂದೇ ಲಿಂಕು. ಹನ್ನೊಂದು ಗಂಟೆಗೆ ಪರದೆಯ ಎಡಗಡೆ ಸೋಫಿಯಾದ ಅಧಿಕಾರಿಣಿ ಮೂಡಿದರು. ಹನ್ನೊಂದು ಗಂಟೆ ಒಂದು ನಿಮಿಷಕ್ಕೆ ಬಲಗಡೆ ಕಿರ್ಸಿ ಮೂಡಿದರು, ಲಾಂಪಣ್ಣನ ಪರೀಕ್ಷೆ ತೆಗೆದುಕೊಳ್ಳಲು.

ಕಿರ್ಸಿ ಸಭಾಭವನವನ್ನು, ಕಪ್ಪು ಸ್ಕಾರ್ಫಿನ ಮುನ್ನೂರು ಜನರನ್ನು ನೋಡಿ ಖುಷಿಯಿಂದ ಕೈ ಕೈ ಉಜ್ಜಿಕೊಂಡರು. “ಎಷ್ಟೊಂದು ಸಹಪಾತ್ರಧಾರಿಗಳು! ಅದ್ಭುತ! ಶುರುಮಾಡಿ. ನೆನಪಿದೆಯಲ್ಲ? ಮೂರು ಪ್ರಶ್ನೆಗಳು. ಏನಾಯಿತು? ಏನನ್ನಿಸಿತು? ಮುಂದೆ ಏನು ಬೇರೆ ಮಾಡುತ್ತೀರಿ? ಯಾರನ್ನೂ ದೂರಬಾರದು, ಯಾರೂ ಸುಳ್ಳು ಹೇಳಬಾರದು.”

“ಯಾರಿವರು?” ಅಂದರು ಅಧಿಕಾರಿಣಿ.

“ವಿದೇಶಿ ತಜ್ಞರು,” ಅಂದರು ಮೇಯರ್ ಬೆವರುತ್ತ. ಆಮೇಲೆ ಲಾಂಪಣ್ಣನ ಕಿವಿಯಲ್ಲಿ: “ಎರಡು ಹಾಸಿಗೆ. ಎರಡು!”

ಲಾಂಪಣ್ಣ ಮೈಕಿನ ಮುಂದೆ ನಿಂತ. ಪರೀಕ್ಷೆಯ ನಿಯಮದಲ್ಲೂ ಸುಳ್ಳು ಹೇಳಬಾರದು ಎಂದು ಬರೆದಿತ್ತು. ಅವನು ಬರೆದದ್ದನ್ನು ಬರೆದ ಹಾಗೇ ಮಾಡುವವನು.

“ಏನಾಯಿತು ಅಂದ್ರೆ,” ಅಂದ, “ಕಲಿನಾ ಗೊಂಬೆ. ಚೀಟಿ ಪಾಠಕ್ಕೆ ಮಾಡ್ಸಿದ್ದು. ಮೇಡಂ ಹೇಳಿದ್ದು ನಿಜ. ತಪ್ಪು ನಂದು.”

ಕಟುಕ ಎದ್ದು ನಿಂತ. “ಮೇಯರೇ, ಹಾಗಾದ್ರೆ ನೀವು ಮದುವೆ ಮಾಡ್ಸಿದ್ದು ಯಾರಿಗೆ?”

“ಆ ನಗು ಇನ್ನೂ ಕಣ್ಣಿಗೆ ಕಟ್ಟಿದೆ ಅಂದ್ರಲ್ಲ!”

“ನೀನ್ ಸುಮ್ನಿರು, ನಿನ್ನ ಹಿಂದೆ ಬ್ರೆಡ್ಡಿಗೆ ನಿಂತಿದ್ಲು!”

“ಮೂಗು ಅವ್ರ ತಾತಂದು!”

ನಗು ಹಬ್ಬಿತು. ಮುನ್ನೂರು ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಸತ್ಯ ಹೇಳಬೇಕೆಂದರೆ ನಾನೂ ನಕ್ಕೆ, ಪರದೆ ಅಲುಗಾಡುವಷ್ಟು. ಲಾಂಪಣ್ಣ ಕೈ ಎತ್ತಿದ. “ಮುಗಿದಿಲ್ಲ. ಎರಡನೇ ಪ್ರಶ್ನೆ ಇದೆ.”

ನಗು ನಿಧಾನವಾಗಿ ನಿಂತಿತು.

“ಗೊಂಬೆ ಕಥೆ ನಾನು ಕಟ್ಟಿದ್ದಲ್ಲ. ಹೆಸರು, ಬೀದಿ ಮಾತ್ರ ನಂದು. ನಾಲ್ಕು ವರ್ಷದ ಹಿಂದೆ ಜನವರಿ ಹತ್ತೊಂಬತ್ತು. ಕೋಣೆ ಮುಚ್ಚಿ ಒಂದು ತಿಂಗಳು ಆಗಿತ್ತು. ಸೆವ್ದಾ ಅಂತ. ಇಪ್ಪತ್ತಾರು ವರ್ಷ. ನಾನು, ಡ್ರೈವರ್, ಇಬ್ರೇ. ಮಗು ಗಾಡೀಲೇ ಬಂತು. ಕಪ್ಪು ಬಂಡೆ ಹತ್ರ ರಕ್ತ ಶುರುವಾಯ್ತು. ನನ್ನ ಹತ್ರ ಎರಡು ಸೂಜಿ ಇತ್ತು, ಎರಡೂ ಕೊಟ್ಟೆ. ಆಮೇಲೆ ಕೈಲಿ ಒತ್ತಿ ಹಿಡಿದೆ. ಆಸ್ಪತ್ರೆ ಬಾಗಿಲಲ್ಲಿ ಅವರು ನನ್ನ ಕೈ ಬಿಡಿಸಿದ್ರು. ಅವಳು ಅದಕ್ಕೂ ಹನ್ನೊಂದು ನಿಮಿಷ ಮುಂಚೆನೇ ಹೋಗಿದ್ಲಂತೆ. ನಂಗೆ ಗೊತ್ತಾಗಿರಲಿಲ್ಲ.”

ಪೆನಜ್ಜಿ ಪಕ್ಕದವಳನ್ನು ಮೊಣಕೈಯಿಂದ ತಿವಿದಳು. “ಸೆವ್ದಾನಾ? ಯಾವ ಸೆವ್ದಾ? ನಂಗೊತ್ತೇ ಇಲ್ವಲ್ಲ.”

“ಸೇತುವೆ ಆಚೆಯವ್ಳು.”

“ಓ,” ಅಂದಳು ಪೆನಜ್ಜಿ.

ಆ ಒಂದು ‘ಓ’ ಸಾಲಿನಿಂದ ಸಾಲಿಗೆ ಹಿಂದಕ್ಕೆ ಹೋಯಿತು. ಅದು ಹೋದ ಕಡೆಯೆಲ್ಲ ಜನರ ಬೆನ್ನುಗಳು ಕುರ್ಚಿಗೆ ಒರಗಿಕೊಂಡವು. ನನಗೆ ಕ್ಯಾಮೆರಾದಲ್ಲಿ ಚೆನ್ನಾಗಿ ಕಾಣುತ್ತಿತ್ತು.

“ಆಗ ಚೀಟಿ ಹಚ್ಚಿರಲಿಲ್ವಲ್ಲ,” ಅಂದ ಗೆಂಚೊ, ತನ್ನದೇ ತಪ್ಪೇನೋ ಎಂಬಂತೆ.

ಕೊನೆಯ ಸಾಲಿನಿಂದ ಅತಿಜೆ ಎದ್ದಳು. “ಹಚ್ಚಿದ್ವಿ. ನಮ್ಮ ಕಡೆ ಕಂಬಕ್ಕೆಲ್ಲ ಹಚ್ಚಿದ್ವಿ. ಈ ಕಡೆ ಮೂರು ಹಚ್ಚಿದ್ವಿ, ಯಾರೋ ಕಿತ್ರು. ನೀವು ಸೇತುವೆ ದಾಟಲ್ವಲ್ಲ.”

“ಮಗು?” ಅಂದಳು ಒಬ್ಬಳು, ಸಣ್ಣ ದನಿಯಲ್ಲಿ.

“ಇದ್ದಾನೆ. ನಾಲ್ಕು ವರ್ಷ. ಡೈಪರ್ ಬೇಡ ಈಗ.”

ಪರದೆಯ ಎಡಗಡೆಯಿಂದ ಅಧಿಕಾರಿಣಿ ಕೇಳಿದರು: “ಆ ಪ್ರಕರಣದಲ್ಲಿ ದೂರು ದಾಖಲಾಗಿತ್ತೇ?”

“ನಂಗೆ ಬರೆಯೋಕೆ ಬರಲ್ಲ,” ಅಂದಳು ಅತಿಜೆ. “ಬರೆಸಿ ಪುರಸಭೆಗೆ ಕೊಟ್ಟಿದ್ದೆ.”

ಎಲ್ಲರೂ ಮೇಯರ್ ಕಡೆ ನೋಡಿದರು. ಮೇಯರ್ ತಮ್ಮ ಟೊಪ್ಪಿಯ ಒಳಗಡೆ ಏನೋ ಹುಡುಕುತ್ತಿದ್ದರು.

“ನಮಗೆ ತಲುಪಿಲ್ಲ,” ಅಂದರು ಅಧಿಕಾರಿಣಿ. “ಹಾಗಾದರೆ ಈಗಿನ ಸಾವು ಸಾವಲ್ಲ, ಆಗಿನ ಸಾವು ದಾಖಲೆಯಲ್ಲಿಲ್ಲ. ಕಡತ ಮುಚ್ಚುತ್ತಿದ್ದೇನೆ.” ಎಡಗಡೆ ಕಪ್ಪಾಯಿತು.

ಒಂಬತ್ತು ಸೆಕೆಂಡು ತಡವಾಗಿ, ಬಲಗಡೆಯಿಂದ ಚಪ್ಪಾಳೆ ಕೇಳಿತು. “ಅತ್ಯುತ್ತಮ! ಕೊನೆಯ ಸಾಲಿನ ತಾಯಿಯ ಪಾತ್ರವಂತೂ! ನನಗೆ ಕಣ್ಣೀರು ಬಂತು. ಹರಲಾಂಪಿ, ನೀವು ಪಾಸು!”

ಜನ ಕೋಟು ಹಾಕಿಕೊಂಡು ಹೊರಟರು. ಮೂರನೇ ಪ್ರಶ್ನೆಗೆ ಯಾರೂ ನಿಲ್ಲಲಿಲ್ಲ. ಮಧ್ಯಾಹ್ನ ರಸ್ತೆಯ ಟ್ರ್ಯಾಕ್ಟರ್‌ಗಳು ಒಂದೊಂದಾಗಿ ಹೊರಟುಹೋದವು. ಸಂಜೆ ಕೆಲವರು ಶಾಲೆಗೆ ಬಂದು, ಬೇರೆ ಕಡೆ ನೋಡುತ್ತ, ಡೈಪರ್ ವಾಪಸ್ ತೆಗೆದುಕೊಂಡು ಹೋದರು. ಪೆನಜ್ಜಿ ಬಟ್ಟಲಿಗೆ ಬಂದಳು. ಗೋಧಿ ಹಾಗೇ ಇತ್ತು. “ಹಕ್ಕಿಗೆ ಹಾಕು,” ಅಂದಳು ನನಗೆ. ಗೇಟಿನವರೆಗೆ ಹೋಗಿ ತಿರುಗಿ ನಿಂತಳು, ಏನೋ ಹೇಳುವವಳಂತೆ. ಬಟ್ಟಲನ್ನು ಕಂಕುಳಿಗೆ ಸೇರಿಸಿಕೊಂಡು ಹೋದಳು.

ಪ್ರಮಾಣಪತ್ರ ಬಂತು. ‘ನೈಜತೆ: ನೂರಕ್ಕೆ ನೂರು.’ ಸೂಲಗಿತ್ತಿ ವಿಭಾಗ ಉಳಿಯಿತು, ಏಳು ಹುಡುಗಿಯರು ಉಳಿದರು. ಲಾಂಪಣ್ಣ ಕಿರ್ಸಿಗೆ ಮೂರು ಸಲ ಬರೆದ: ಅದು ಪಾತ್ರವಲ್ಲ, ಆ ತಾಯಿ ನಿಜ, ಆ ಹುಡುಗಿ ನಿಜ, ಪ್ರಮಾಣಪತ್ರ ಬೇಕಾದರೆ ವಾಪಸ್ ತೆಗೆದುಕೊಳ್ಳಿ. ಪ್ರತಿ ಸಲವೂ ಒಂದೇ ಉತ್ತರ: ‘ಪರೀಕ್ಷೆ ಮುಗಿದ ಮೇಲೂ ಪಾತ್ರದಿಂದ ಹೊರಬರದ ನಿಮ್ಮ ಶ್ರದ್ಧೆ ಮೆಚ್ಚುವಂಥದ್ದು.’ ಕೊನೆಯ ಪತ್ರದ ಜೊತೆ ಒಂದು ಪದಕವೂ ಬಂತು. ಅವನು ಅದನ್ನು ಉಗ್ರಾಣದಲ್ಲಿ, ಕಾಲಿನ ಪೆಟ್ಟಿಗೆಯ ಒಳಗೆ ಹಾಕಿಟ್ಟ.

ಮುಂದಿನ ಸೋಮವಾರ ತರಗತಿ ಮುಗಿದು ಹುಡುಗಿಯರು ಹೋದಮೇಲೆ ಅತಿಜೆ ಬಂದಳು. ಬಾಗಿಲಲ್ಲೇ ಕಾಲೊರೆಸಿಕೊಂಡು, “ತೋರ್ಸು,” ಅಂದಳು.

“ಏನನ್ನ?”

“ಏನೇನ್ ಮಾಡ್ದೆ ಅಂತ. ನಾನು ಅಲ್ಲಿರಲಿಲ್ಲ. ಗಾಡೀಲಿ ಜಾಗ ಇಲ್ಲ ಅಂದ್ರಿ. ನಾಲ್ಕು ವರ್ಷದಿಂದ ನಾನೇ ಒಂದೊಂದ್ ರಾತ್ರಿ ಒಂದೊಂದ್ ಥರ ಅಂದ್ಕೊಳ್ತಿದ್ದೀನಿ. ತೋರ್ಸು.”

ಲಾಂಪಣ್ಣ ಪೆಟ್ಟಿಗೆ ತಂದ. ಕಾಲು ಜೋಡಿಸಿದ. ಎಡಗಾಲು ಎರಡು ಸಲ ಜಾರಿತು. ಎವ್ದೋಕಿಯಾ ಮೇಡಂ ಬಂದು ಹಿಡಿದುಕೊಂಡರು. ಅವನು ಎಲ್ಲವನ್ನೂ ಮಾಡಿ ತೋರಿಸಿದ. ಮಗುವನ್ನು ಹೇಗೆ ಹಿಡಿದ, ಯಾವ ಕಂಬಳಿಯಲ್ಲಿ ಸುತ್ತಿದ, ಸೂಜಿ ಎಲ್ಲಿ ಚುಚ್ಚಿದ. ಒಂದು ಕೈ ಒಳಗೆ, ಒಂದು ಕೈ ಹೊಟ್ಟೆಯ ಮೇಲೆ, ಹೀಗೆ, ಬಂಡೆಯಿಂದ ಆಸ್ಪತ್ರೆ ಬಾಗಿಲವರೆಗೆ. ಅತಿಜೆ ಗೊಂಬೆಯ ತಲೆಯ ಬಳಿ ಕೂತು, ಒಂದೊಂದನ್ನೂ ಕಣ್ಣು ಮಿಟುಕಿಸದೆ ನೋಡಿದಳು. ಒಂದು ಸಲ ಮಾತ್ರ ಅವಳ ಕೈ ಗೊಂಬೆಯ ಸ್ಕಾರ್ಫ್ ಸರಿಮಾಡಿತು.

“ನೋವಿತ್ತಾ ಅವ್ಳಿಗೆ?”

“ಮೊದಲು ಇತ್ತು. ಆಮೇಲೆ ಚಳಿ ಅಂದ್ಲು. ನನ್ನ ಕೋಟು ಹಾಕಿದೆ.”

“ನನ್ನ ಕೇಳಿದ್ಲಾ?”

“ಮಗು ಗಂಡಾ ಹೆಣ್ಣಾ ಅಂತ ಕೇಳಿದ್ಲು. ಗಂಡು ಅಂದೆ. ಅಮ್ಮಂಗೆ ಹೇಳಿ ಅಂದ್ಲು.” ಲಾಂಪಣ್ಣ ಗೊಂಬೆಯ ಮೇಲಿಂದ ಕೈ ತೆಗೆದ. “ಆಮೇಲೆ ನೀರು ಕೇಳಿದ್ಲು. ಆಪರೇಷನ್ ಆಗ್ಬಹುದು, ಕುಡಿಸಬಾರದು ಅಂತ ಪುಸ್ತಕದಲ್ಲಿ ಬರೆದಿತ್ತು. ನಾನು ಕೊಡಲಿಲ್ಲ. ಮೂರು ಸಲ ಕೇಳಿದ್ಲು ಅತಿಜೆ. ಕೊಡಲಿಲ್ಲ.”

ಅತಿಜೆ ಎದ್ದಳು. ಅವನಿಗೆ ಹೊಡೆಯುತ್ತಾಳೆ ಅಂದುಕೊಂಡೆ ನಾನು. ಅವನೂ ಹಾಗೇ ಅಂದುಕೊಂಡನೇನೋ, ತಲೆ ತಗ್ಗಿಸಿ ನಿಂತ. ಅವಳು ಮೂಲೆಯ ನಲ್ಲಿಯಿಂದ ಒಂದು ಲೋಟ ನೀರು ಹಿಡಿದು ತಂದಳು. ಗೊಂಬೆಯ ಕುತ್ತಿಗೆಯ ಕೆಳಗೆ ಎಡಗೈ ಕೊಟ್ಟು ತಲೆ ಎತ್ತಿದಳು.

ಗೊಂಬೆಯ ಬಾಯಿಯೊಳಗೆ ವೈರು, ಸ್ಪೀಕರು, ಏನೇನೋ ಇವೆ. ಎವ್ದೋಕಿಯಾ ಮೇಡಂ ಒಂದು ಹೆಜ್ಜೆ ಮುಂದಿಟ್ಟರು. ಈ ಗೊಂಬೆಯ ಮೇಲೆ ಧೂಳು ಕೂತರೂ ಒರೆಸಿಸಲು ಶಾಲೆಗೆ ರಜೆ ಕೊಡುವವರು ಅವರು. ಅಲ್ಲೇ ನಿಂತರು. ನನ್ನ ಕೈಯಿಂದ ಕ್ಯಾಮೆರಾ ತೆಗೆದು ಮೇಜಿನ ಮೇಲೆ ಮಗುಚಿಟ್ಟರು.

ಲೋಟ ಖಾಲಿಯಾಗುವವರೆಗೆ ಅತಿಜೆ ನಿಧಾನವಾಗಿ ಕುಡಿಸಿದಳು. ತನ್ನ ಸ್ಕಾರ್ಫಿನ ತುದಿಯಿಂದ ಗಲ್ಲ ಒರೆಸಿ, ತಲೆಯನ್ನು ದಿಂಬಿಗೆ ಇಳಿಸಿ, ಹೊರಟುಹೋದಳು.

ಅಂದಿನಿಂದ ಗೊಂಬೆ ನರಳುವುದಿಲ್ಲ. ದುರಸ್ತಿಗೆ ಕಳಿಸಲು ಫಿನ್‌ಲ್ಯಾಂಡಿನ ಅರ್ಜಿ ತುಂಬಬೇಕಿತ್ತು. ‘ಕೆಡಲು ಕಾರಣ’ ಎಂಬ ಖಾನೆಯ ಮುಂದೆ ಮೇಡಂ ಬಹಳ ಹೊತ್ತು ಪೆನ್ನು ಹಿಡಿದು ಕೂತಿದ್ದರು. ಅವರು ಜೀವಮಾನದಲ್ಲಿ ಒಂದು ಅರ್ಜಿಯನ್ನೂ ತಪ್ಪಾಗಿ ತುಂಬಿದವರಲ್ಲ. ಕೊನೆಗೆ ಸ್ಪಷ್ಟವಾದ ದೊಡ್ಡ ಅಕ್ಷರಗಳಲ್ಲಿ ಬರೆದು, ಸಹಿ ಹಾಕಿ, ಶಾಲೆಯ ಮುದ್ರೆ ಒತ್ತಿದರು:

‘ಬಾಯಾರಿಕೆ.’